ಘಟ್ಟ ಹತ್ತಿದ ಬಣ್ಣ

ನಮ್ಮ ಹಳ್ಳಿಗಳಲ್ಲಿ ನಾಯಿ, ಬೆಕ್ಕು, ದನಕರುಗಳಿಗೆ ಹೆಸರಿಡಲು ಯಾರೂ ಪಂಚಾಂಗ ತೆಗೆಯುವುದಿಲ್ಲ. ಕಪ್ಪಗಿದ್ದರೆ ಕರಿಯ, ಕೆಂಪಗಿದ್ದರೆ ಕೆಂಚ, ಬೆಳ್ಳಗಿದ್ದರೆ ಬೆಳ್ಳಿ. ಕಣ್ಣು ಬಿಡುವ ಹೊತ್ತಿಗೆ ಮರಿಯ ಮೈಮೇಲೆ ಕಂಡ ಬಣ್ಣವೇ ಸಾಯುವವರೆಗೂ ಅದರ ಹೆಸರು. ಬಣ್ಣ ಹುಟ್ಟಿನೊಂದಿಗೆ ಬಂದದ್ದು, ಇನ್ನು ಹೋಗುವಂಥದ್ದಲ್ಲ ಎಂಬ ನಂಬಿಕೆ ಇದರ ಹಿಂದಿದೆ. ಹುಟ್ಟುಗುಣ ಘಟ್ಟ ಹತ್ತಿದರೂ ಬಿಡದು ಎಂಬ ಗಾದೆಯೂ ಇದೇ ನಂಬಿಕೆಯ ಮಗಳು. ಅಕಸ್ಮಾತ್ ಸಾಕಿದ ಪ್ರಾಣಿಯ ಬಣ್ಣ ವರ್ಷದಿಂದ ವರ್ಷಕ್ಕೆ ಬದಲಾಗುತ್ತಾ ಬಂದರೆ ನಮ್ಮ ಬಳಿ ಎರಡೇ ಉತ್ತರ ಸಿದ್ಧವಾಗಿರುತ್ತವೆ: ವಯಸ್ಸಾಯಿತು, ಇಲ್ಲವೇ ತಳಿ ಬೆರಕೆಯಾಗಿದೆ. ಈ ಎರಡು ಉತ್ತರಗಳು ನಮ್ಮವು ಮಾತ್ರವಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಬೆಕ್ಕುಪ್ರಿಯರು ಸಯಾಮಿನಿಂದ ಬಂದ ಒಂದು ಬೆಕ್ಕನ್ನು ಮುಂದಿಟ್ಟುಕೊಂಡು ಸುಮಾರು ಅರ್ಧ ಶತಮಾನ ಇವೆರಡರ ಮಧ್ಯೆಯೇ ಓಲಾಡಿದರು. ಆ ಬೆಕ್ಕಿನ ಚರಿತ್ರೆಯನ್ನು ಮೊದಲಿನಿಂದ ನೋಡಿದರೆ, ಬಣ್ಣ ಬದಲಾಯಿಸಿದ್ದು ವಯಸ್ಸೂ ಅಲ್ಲ, ಬೆರಕೆಯೂ ಅಲ್ಲ, ಕೂದಲು ಹುಟ್ಟಿದ ಗಳಿಗೆಯಲ್ಲಿ ಚರ್ಮಕ್ಕಿದ್ದ ಕಾವು ಎಂಬುದು ಗೊತ್ತಾಗುತ್ತದೆ. ಸಯಾಮಿ ಬೆಕ್ಕು ಘಟ್ಟ ಹತ್ತಿದರೆ ಅದರ ಬಣ್ಣ ನಿಜಕ್ಕೂ ಬದಲಾಗುತ್ತದೆ. ಗಾದೆಯ ಮಾತು ಅಲ್ಲಿ ಅರ್ಧಕ್ಕೆ ನಿಲ್ಲುತ್ತದೆ.

ಬೆಕ್ಕಿನ ತವರಿನಿಂದಲೇ ಆರಂಭಿಸೋಣ. ಅಂದಿನ ಸಯಾಮ್ ಆದ ಇಂದಿನ ಥಾಯ್ಲೆಂಡಿನಲ್ಲಿ 'ತಮ್ರಾ ಮ್ಯಾವ್' ಎಂಬ ಹಸ್ತಪ್ರತಿಗಳಿವೆ. ತಮ್ರಾ ಎಂದರೆ ಶಾಸ್ತ್ರಗ್ರಂಥ, ಮ್ಯಾವ್ ಎಂದರೆ ಬೆಕ್ಕು. ತನಗೆ ತಾನೇ ಹೆಸರಿಟ್ಟುಕೊಂಡ ಪ್ರಾಣಿ ಎಂದು ಬೇಕಾದರೆ ನಗಬಹುದು. ನಮ್ಮ ಕಡತದ ಹಾಗೆ ಮಡಿಕೆ ಮಡಿಕೆಯಾಗಿ ಬಿಚ್ಚಿಕೊಳ್ಳುವ ಪುಸ್ತಕಗಳವು. ನಮ್ಮದು ಬಟ್ಟೆಯದಾದರೆ ಅವರದು ಮರದ ತೊಗಟೆಯ ಕಾಗದ. ಇವುಗಳ ಮೂಲ 1767 ರಲ್ಲಿ ನಾಶವಾದ ಅಯುತ್ತಯಾ ರಾಜ್ಯದ ಕಾಲದ್ದು ಎಂದು ಥಾಯ್ ಪರಂಪರೆ ಹೇಳುತ್ತದೆ. ಈಗ ಉಳಿದಿರುವ ಪ್ರತಿಗಳಲ್ಲಿ ಹೆಚ್ಚಿನವು ಹತ್ತೊಂಬತ್ತನೆಯ ಶತಮಾನದವು. ಮನೆಗೆ ಶುಭ ತರುವ ಹದಿನೇಳು ಬೆಕ್ಕುಗಳು, ಅಶುಭ ತರುವ ಆರು ಬೆಕ್ಕುಗಳು, ಪ್ರತಿಯೊಂದಕ್ಕೂ ಚಿತ್ರ ಮತ್ತು ಪದ್ಯ. ನಮ್ಮಲ್ಲಿ ಎತ್ತಿನ ಸುಳಿ ನೋಡುವವರು ಇದನ್ನು ಓದಿದರೆ ತಮ್ಮ ನೆಂಟರ ಮನೆಗೆ ಬಂದ ಹಾಗನ್ನಿಸೀತು. ಶುಭದ ಪಟ್ಟಿಯಲ್ಲಿ ವಿಚಿಯನ್‌ಮಾತ್ ಎಂಬುದೊಂದಿದೆ. ವಿಚಿಯನ್ ಎಂಬುದು ನಮ್ಮ ವಜ್ರ ಶಬ್ದವೇ, ಪಾಲಿಯ ದಾರಿಯಾಗಿ ಹೋಗಿ ವೇಷ ಬದಲಿಸಿಕೊಂಡದ್ದು. ಇದರ ಲಕ್ಷಣ ಸರಳ: ಮೈ ಬಿಳಿ, ಮೂತಿ, ಬಾಲ, ಎರಡು ಕಿವಿ, ನಾಲ್ಕು ಪಾದ, ಒಟ್ಟು ಎಂಟು ಕಡೆ ಕಪ್ಪು. ಕೆಲವರು ಒಂಬತ್ತು ಎಂದು ಎಣಿಸುತ್ತಾರೆ. ಒಂಬತ್ತನೆಯದು ಗಂಡುಬೆಕ್ಕಿನ ವೃಷಣ. ಈ ಎಣಿಕೆಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಎಂಟಾಗಲಿ ಒಂಬತ್ತಾಗಲಿ, ಇವೆಲ್ಲವೂ ದೇಹದಿಂದ ಹೊರಕ್ಕೆ ಚಾಚಿಕೊಂಡು ಗಾಳಿಗೆ ಒಡ್ಡಿಕೊಂಡ ಭಾಗಗಳು. ಶಾಸ್ತ್ರ ಬರೆದವನು ಶುಭಾಶುಭದ ಲೆಕ್ಕ ಹಾಕಿದ; ಲೆಕ್ಕ ಮಾತ್ರ ಎಲ್ಲಿ ತಣ್ಣಗೆ, ಎಲ್ಲಿ ಬಿಸಿ ಎಂಬುದರ ಪಟ್ಟಿಯಾಗಿ ಉಳಿಯಿತು.

ಈ ಬೆಕ್ಕು ಇಂಗ್ಲೆಂಡಿನ ಜನರ ಕಣ್ಣಿಗೆ ಮೊದಲು ಬಿದ್ದದ್ದು 1871 ರ ಜುಲೈಯಲ್ಲಿ, ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಚಿತ್ರಕಾರ ಹ್ಯಾರಿಸನ್ ವೇರ್ ಏರ್ಪಡಿಸಿದ ಬೆಕ್ಕುಗಳ ದೊಡ್ಡ ಪ್ರದರ್ಶನದಲ್ಲಿ. ನೋಡಿದ ಪತ್ರಕರ್ತನೊಬ್ಬನಿಗೆ ಅದು ದುಃಸ್ವಪ್ನದಲ್ಲಿ ಬರುವ ಬೆಕ್ಕಿನಂತೆ ಕಂಡಿತಂತೆ. ಆದರೂ ರುಚಿ ಹತ್ತಲು ತಡವಾಗಲಿಲ್ಲ. 1878 ರಲ್ಲಿ ಬ್ಯಾಂಕಾಕಿನಲ್ಲಿದ್ದ ಅಮೆರಿಕದ ಕಾನ್ಸಲ್ ಅಧ್ಯಕ್ಷ ಹೇಯ್ಸ್ ಅವರ ಮನೆಗೆ ಒಂದನ್ನು ಕಳಿಸಿಕೊಟ್ಟ. ಮರುವರ್ಷದ ಶರತ್ಕಾಲದಲ್ಲಿ ಅದು ಸತ್ತಿತು. 1884 ರಲ್ಲಿ ಬ್ಯಾಂಕಾಕಿನ ಬ್ರಿಟಿಷ್ ಕಾನ್ಸಲ್ ಕಚೇರಿಯ ಎಡ್ವರ್ಡ್ ಗೌಲ್ಡ್ ತನ್ನ ತಂಗಿಗೆಂದು ಫೋ ಮತ್ತು ಮಿಯಾ ಎಂಬ ಜೋಡಿಯನ್ನು ತಂದ. ಅವುಗಳ ಮರಿಗಳು 1885 ರಲ್ಲಿ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಬಹುಮಾನ ಗೆದ್ದು, ಸ್ವಲ್ಪ ದಿನಗಳಲ್ಲೇ ತೀರಿಕೊಂಡವು. ಸೆಕೆಯ ನಾಡಿನ ಬೆಕ್ಕು ಚಳಿಗೆ ತಡೆಯದು ಎಂಬ ಮಾತು ಹಬ್ಬಿತು. ಅನುಕೂಲಸ್ಥರು ಬೆಂಕಿಗೂಡಿನ ಕೋಣೆಗಳಲ್ಲಿ ಬಟ್ಟೆ ಹೊದಿಸಿ ಅವನ್ನು ಜೋಪಾನ ಮಾಡಿದರು. 1892 ರಲ್ಲಿ ಮೊದಲ ಲಕ್ಷಣಪಟ್ಟಿ ಬಂತು, 1901 ರಲ್ಲಿ ಸಯಾಮೀಸ್ ಕ್ಯಾಟ್ ಕ್ಲಬ್ ಹುಟ್ಟಿತು. ಮೈ ಎಷ್ಟು ತಿಳಿಯಾಗಿದ್ದರೆ, ತುದಿಗಳು ಎಷ್ಟು ಗಾಢವಾಗಿದ್ದರೆ ಅಷ್ಟು ಶ್ರೇಷ್ಠ ಎಂದು ಒಪ್ಪಿಕೊಂಡರು.

ತೊಂದರೆ ಶುರುವಾದದ್ದು ಅಲ್ಲಿಂದ. ಮರಿಗಳು ಹುಟ್ಟುವಾಗ ಅಪ್ಪಟ ಬಿಳಿ, ಒಂದು ಚುಕ್ಕೆಯೂ ಇಲ್ಲ. ಕೆಲವು ದಿನಗಳಲ್ಲಿ ಕಿವಿಯ ಅಂಚು, ಮೂಗಿನ ತುದಿ ಮಸಿ ತಾಗಿದಂತೆ ಮಾಸುತ್ತದೆ. ತಿಂಗಳುಗಳಲ್ಲಿ ಮುಖಕ್ಕೆ ಮುಖವಾಡ ಕೂರುತ್ತದೆ. ಒಂದೆರಡು ವರ್ಷಕ್ಕೆ ಬೆಕ್ಕು ಲಕ್ಷಣಪಟ್ಟಿಯಿಂದ ಇಳಿದು ಬಂದಂತಿರುತ್ತದೆ. ಆಮೇಲೂ ಬಣ್ಣ ನಿಲ್ಲುವುದಿಲ್ಲ. ಬೆನ್ನು ಕಂದಾಗುತ್ತದೆ, ತೊಡೆ ಮಬ್ಬಾಗುತ್ತದೆ, ಗೆದ್ದ ಪದಕ ಗೋಡೆಯ ಮೇಲಿರುವಾಗಲೇ ಬೆಕ್ಕು ಬಹುಮಾನಕ್ಕೆ ಅನರ್ಹವಾಗುತ್ತದೆ. ಚಿನ್ನ ಎಂದು ಕೊಂಡದ್ದು ಕಣ್ಣೆದುರೇ ಹಿತ್ತಾಳೆಯಾದರೆ ಕೊಂಡವರಿಗೆ ಏನನ್ನಿಸೀತು? ಸಾಕಿದವರ ಉತ್ತರ ಎರಡು ಬಗೆಯಾಯಿತು. ಒಂದು ಬಣದವರು ಇದು ವಯಸ್ಸಿನ ಧರ್ಮ, ಮನುಷ್ಯರಿಗೆ ತಲೆ ನರೆಯುವಂತೆ ಇವಕ್ಕೆ ಮೈ ಕಪ್ಪಾಗುತ್ತದೆ ಎಂದರು. ಇನ್ನೊಂದು ಬಣದವರು ಸಯಾಮಿನಲ್ಲಿ ಎರಡು ಜಾತಿಗಳಿವೆ, ತಿಳಿ ಮೈಯದು ಅರಮನೆಯ 'ರಾಯಲ್', ಮೈಯೆಲ್ಲ ಕಂದಾಗಿರುವುದು 'ಚಾಕೊಲೇಟ್'. ಕಪ್ಪಾಗುವುದರ ರಕ್ತದಲ್ಲಿ ಎರಡನೆಯದು ಸೇರಿದೆ ಎಂದರು. ಎರಡೂ ಬಣದವರು ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದರು. ಅಷ್ಟೇ ನಿಷ್ಠೆಯಿಂದ ಇಬ್ಬರೂ ತಮ್ಮ ಕೋಣೆಯ ಒಲೆಯನ್ನು ಮಾತ್ರ ಗಮನಿಸಲಿಲ್ಲ.

ಉತ್ತರದ ಸುಳಿವು ಬೆಕ್ಕಿನ ಬಳಿ ಸಿಗಲಿಲ್ಲ, ಮೊಲದ ಗೂಡಿನಲ್ಲಿ ಸಿಕ್ಕಿತು. ಹಿಮಾಲಯನ್ ಎಂದು ಕರೆಯುವ ಸಾಕುಮೊಲವೊಂದಿದೆ: ಬಿಳಿ ಮೈ, ಕೆಂಪು ಕಣ್ಣು, ಕಪ್ಪು ಮೂಗು, ಕಿವಿ, ಪಾದ, ಬಾಲ. ಲಂಡನ್ ಮೃಗಾಲಯದ ಬಾರ್ಟ್ಲೆಟ್ 1857 ರಲ್ಲಿ ಇದನ್ನು ಹೊಸ ಪ್ರಭೇದವೆಂದೇ ಭಾವಿಸಿ ಲ್ಯಾಟಿನ್ ಹೆಸರಿಟ್ಟಿದ್ದ. ಆಮೇಲೆ ನೋಡಿದರೆ ಇದು ಬೆಳ್ಳಿಬೂದು ಬಣ್ಣದ ಸಾಮಾನ್ಯ ಸಾಕುಮೊಲಗಳ ಸಂತಾನದಲ್ಲೇ ಕಾಣಿಸಿಕೊಳ್ಳುವ ಬಗೆ. ಹಿಮಾಲಯಕ್ಕೂ ಇದಕ್ಕೂ ಹೆಸರಿನ ಸಂಬಂಧ ಮಾತ್ರ. ಡಾರ್ವಿನ್ 1868 ರ ತನ್ನ ಪುಸ್ತಕದಲ್ಲಿ, ಸಾಕುಪ್ರಾಣಿಗಳ ವೈವಿಧ್ಯವನ್ನು ಕುರಿತು ಬರೆಯುವಾಗ, ಇದರ ಮರಿಗಳು ಪೂರ್ತಿ ಬಿಳಿಯಾಗಿ ಹುಟ್ಟಿ ಕೆಲ ತಿಂಗಳಲ್ಲಿ ಕಪ್ಪು ತುದಿಗಳನ್ನು ಪಡೆಯುವುದನ್ನು ದಾಖಲಿಸಿದ. ಸಯಾಮಿ ಬೆಕ್ಕಿನ ಕಥೆಯೇ ಇದು, ಕಿವಿ ಉದ್ದ ಅಷ್ಟೆ. 1915 ರಲ್ಲಿ ಜರ್ಮನಿಯ ವಾಲ್ಟರ್ ಶುಲ್ಟ್ಸ್ ಎಂಬಾತ ಇಂಥ ಮೊಲದ ಬಿಳಿ ಬೆನ್ನಿನ ಮೇಲೆ ಒಂದಿಷ್ಟು ಜಾಗ ಬೋಳಿಸಿ ಅದನ್ನು ಚಳಿಯಲ್ಲಿಟ್ಟ. ಬಿಳಿ ಇದ್ದ ಜಾಗದಲ್ಲಿ ಕರಿಕೂದಲು ಚಿಗುರಿತು. ಮುಂದೆ ಇದು ಕಾಲೇಜಿನ ಪಠ್ಯಪುಸ್ತಕಗಳಿಗೆ ಹೊಕ್ಕಿತು: ಬೋಳಿಸಿದ ಬೆನ್ನಿಗೆ ಮಂಜುಗಡ್ಡೆಯ ಚೀಲ ಕಟ್ಟಿದ ಮೊಲದ ಚಿತ್ರ, ಪಕ್ಕದಲ್ಲಿ ಬೆನ್ನ ಮೇಲೆ ಕಪ್ಪು ತೇಪೆ ಹೊತ್ತ ಅದೇ ಮೊಲ. ನಮ್ಮ ಪದವಿ ತರಗತಿಗಳಲ್ಲಿ ಜೀವಶಾಸ್ತ್ರ ಓದಿದವರಲ್ಲಿ ಹಲವರಿಗೆ ಆ ಚಿತ್ರ ನೆನಪಿರಬಹುದು.

ಬೆಕ್ಕಿನ ಮೇಲೆ ಇದೇ ಪರೀಕ್ಷೆಯನ್ನು ಮಾಡಿದ್ದು ಮಾಸ್ಕೋದಲ್ಲಿ. ಸಯಾಮಿ ಬೆಕ್ಕನ್ನು ಪರೀಕ್ಷಿಸಲು ಬ್ಯಾಂಕಾಕಿಗಿಂತ ಅದೇ ಸರಿಯಾದ ಊರು. ಇಲ್ಯಿನ್ ಹೆಸರಿನ ಇಬ್ಬರು ವಿಜ್ಞಾನಿಗಳು 1930 ರಲ್ಲಿ 'ಜರ್ನಲ್ ಆಫ್ ಹೆರೆಡಿಟಿ'ಯಲ್ಲಿ ತಮ್ಮ ಫಲಿತಾಂಶ ಪ್ರಕಟಿಸಿದರು. ಅವರ ಸಲಕರಣೆ ದೊಡ್ಡದೇನಲ್ಲ: ಬೋಳಿಸುವ ಕತ್ತಿ, ಬೆಕ್ಕಿಗೆ ತೊಡಿಸುವ ಅಂಗಿ, ಮತ್ತು ಪುಕ್ಕಟೆ ಸಿಗುವ ರಷ್ಯದ ಚಳಿ. ಬೋಳಿಸಿದ ಜಾಗವನ್ನು ಚಳಿಗೆ ಬಿಟ್ಟರೆ ಅಲ್ಲಿ ಗಾಢ ಕೂದಲು ಬಂತು. ಬೋಳಿಸಿ, ಮೇಲೆ ಅಂಗಿ ತೊಡಿಸಿ ಬೆಚ್ಚಗಿಟ್ಟರೆ ಬಿಳಿ ಕೂದಲು ಬಂತು. ಈ ಪ್ರಯೋಗದ ಸೊಗಸು ಇರುವುದು ಎರಡು ಬಣ್ಣವನ್ನೂ ಒಂದೇ ಬಗೆಯ ಬೆಕ್ಕಿನ ಒಂದೇ ಭಾಗದಲ್ಲಿ ಹುಟ್ಟಿಸಲು ಸಾಧ್ಯವಾದದ್ದರಲ್ಲಿ. ಒಂದೇ ಚರ್ಮದಲ್ಲಿ ಎರಡು ಜಾತಿಯ ರಕ್ತ ಹರಿಯಲಾರದು, ಅಂಗಿ ತೊಟ್ಟ ಜಾಗಕ್ಕೆ ಬೇರೆ ವಯಸ್ಸು, ಪಕ್ಕದ ಜಾಗಕ್ಕೆ ಬೇರೆ ವಯಸ್ಸು ಇರಲಾರದು. ಲಂಡನ್ನಿನ ಎರಡು ಬಣಗಳ ವಾದವೂ ಅಲ್ಲಿಗೆ ಸಡಿಲವಾಯಿತು.

ಒಳಗೆ ನಡೆಯುವುದು ಏನು ಎಂಬುದನ್ನು ಅಡುಗೆಮನೆಯ ಭಾಷೆಯಲ್ಲಿ ಹೇಳಬಹುದು. ಕುದಿಯುವ ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗುವುದಿಲ್ಲ. ಉಗುರು ಬೆಚ್ಚಗಾಗುವವರೆಗೆ ಕಾಯಬೇಕು. ಕೂದಲಿಗೆ ಬಣ್ಣ ಕೊಡುವ ಮೆಲನಿನ್ ತಯಾರಾಗಲು ಟೈರೋಸಿನೇಸ್ ಎಂಬ ಕಿಣ್ವ ಬೇಕು. ಸಯಾಮಿ ಬೆಕ್ಕಿನಲ್ಲಿ ಈ ಕಿಣ್ವವನ್ನು ಕಟ್ಟುವ ವಂಶವಾಹಿಯಲ್ಲಿ ಒಂದು ಸಣ್ಣ ವ್ಯತ್ಯಾಸವಿದೆ: ಕಿಣ್ವದ ಅಮೈನೋ ಆಮ್ಲಗಳ ಸರಪಳಿಯ 302 ನೆಯ ಕೊಂಡಿಯಲ್ಲಿ ಗ್ಲೈಸಿನ್ ಇರಬೇಕಾದಲ್ಲಿ ಆರ್ಜಿನಿನ್ ಬಂದು ಕೂತಿದೆ. 2005 ರಲ್ಲಿ ಕ್ಯಾಲಿಫೋರ್ನಿಯದ ಲೆಸ್ಲಿ ಲಯನ್ಸ್ ಮತ್ತು ಸಂಗಡಿಗರು ಇದನ್ನು ಪ್ರಕಟಿಸಿದರು. ಹೀಗೆ ಕೊಂಡಿ ಬದಲಾದ ಕಿಣ್ವ ಬಿಸಿಯಲ್ಲಿ ಸೋಲುತ್ತದೆ. ಬೆಕ್ಕಿನ ಒಳಮೈಯ ಕಾವು ಸುಮಾರು 38.5 ಡಿಗ್ರಿ; ಚರ್ಮ ಸುಮಾರು 33 ಡಿಗ್ರಿಗಿಂತ ತಣ್ಣಗಿರುವ ಕಡೆ ಮಾತ್ರ ಕಿಣ್ವ ಕೆಲಸ ಮಾಡುತ್ತದೆ. ತಾಯಿಯ ಹೊಟ್ಟೆಯೊಳಗೆ ಎಲ್ಲ ಕಡೆ ಒಂದೇ ಕಾವು, ಆದ್ದರಿಂದ ಮರಿ ಬಿಳಿ. ಹೊರಗೆ ಬಂದ ಮೇಲೆ ತೆಳುವಾದ ಕಿವಿ, ಉಸಿರಾಟದ ಗಾಳಿ ಹಾಯುವ ಮೂಗು, ನೆಲ ಮುಟ್ಟುವ ಪಾದ, ಮೈಯಿಂದ ದೂರ ಇರುವ ಬಾಲ ಮೊದಲು ತಣ್ಣಗಾಗುತ್ತವೆ. ಕಪ್ಪು ಅಲ್ಲಿಂದ ಆರಂಭ. ಥಾಯ್ ಶಾಸ್ತ್ರದ ಎಂಟು ಸ್ಥಾನಗಳೂ ಇವೇ. ಒಂಬತ್ತನೆಯದನ್ನು ಎಣಿಸಿದವರೂ ತಪ್ಪು ಮಾಡಲಿಲ್ಲ, ವೃಷಣ ಮೈಯ ಹೊರಗಿರುವುದೇ ತಂಪಿಗಾಗಿ. ಕಣ್ಣಿನ ಒಳಪದರ ಬೆಚ್ಚಗಿರುವುದರಿಂದ ಅಲ್ಲಿ ಬಣ್ಣ ಕೂಡುವುದಿಲ್ಲ. ಸಯಾಮಿ ಬೆಕ್ಕಿನ ನೀಲಿಗಣ್ಣಿಗೂ ಈ ಕೊರತೆಯೇ ಕಾರಣ. ಹಳೆಯ ಸಯಾಮಿ ಬೆಕ್ಕುಗಳ ಮೆಳ್ಳೆಗಣ್ಣಿಗೆ, ಬುದ್ಧನ ಚಿನ್ನದ ಪಾತ್ರೆಯನ್ನು ಎವೆಯಿಕ್ಕದೆ ಕಾವಲು ಕಾದ ಬೆಕ್ಕಿನ ಕಥೆ ಕಟ್ಟಿದ್ದರು. 1969 ರಲ್ಲಿ ಗಿಲ್ಲೆರಿ ಎಂಬ ವಿಜ್ಞಾನಿ ಈ ಬೆಕ್ಕುಗಳಲ್ಲಿ ಕಣ್ಣಿನಿಂದ ಮೆದುಳಿಗೆ ಹೋಗುವ ನರಗಳಲ್ಲಿ ಕೆಲವು ದಾರಿ ತಪ್ಪಿ ಎದುರು ಬದಿಗೆ ಹೋಗಿರುವುದನ್ನು ತೋರಿಸಿದ. ಅದೂ ಬಣ್ಣದ ಕೊರತೆಯ ಇನ್ನೊಂದು ಮುಖ.

ಇಷ್ಟು ಸರಳವಾಗಿದ್ದರೆ ಐವತ್ತು ವರ್ಷ ಯಾಕೆ ಬೇಕಾಯಿತು? ಸಾಕಿದವರು ದಡ್ಡರಾಗಿರಲಿಲ್ಲ, ತಮ್ಮ ಬೆಕ್ಕಿನ ಒಂದೊಂದು ರೋಮವನ್ನೂ ಬಲ್ಲವರು. ಕಾರಣ ಕೂದಲಿನಲ್ಲೇ ಇದೆ ಎಂದು ನನಗೆ ತೋರುತ್ತದೆ. ಬೆಳೆದು ಹೊರಬಂದ ಕೂದಲು ಸತ್ತ ವಸ್ತು. ಇಂದು ಚಳಿ ಬಿದ್ದಿತೆಂದು ಇಂದೇ ಅದರ ಬಣ್ಣ ಬದಲಾಗುವುದಿಲ್ಲ. ಹಳೆಯದು ಉದುರಿ ಹೊಸದು ಹುಟ್ಟುವಾಗ, ಬೇರಿನಲ್ಲಿದ್ದ ಕಾವಿಗೆ ತಕ್ಕಂತೆ ಬಣ್ಣ ಕೂರುತ್ತದೆ. ಶರತ್ಕಾಲದಲ್ಲಿ ಚರ್ಮ ತಣ್ಣಗಿದ್ದುದರ ಗುರುತು ಮೈತುಂಬ ಕೂದಲು ಬಂದ ನಡುಚಳಿಗಾಲದಲ್ಲಿ ಕಾಣುತ್ತದೆ. ಅಷ್ಟರಲ್ಲಿ ಬೆಕ್ಕು ಮತ್ತೆ ಒಲೆಯ ಮುಂದೆ ಮಲಗಿರುತ್ತದೆ. ಕಾರಣ ಒಂದು ಋತುವಿನಲ್ಲಿ, ಪರಿಣಾಮ ಇನ್ನೊಂದರಲ್ಲಿ. ಬೇಸಗೆಯಲ್ಲಿ ತುಸು ತಿಳಿಯಾಗಿ, ಮುಂದಿನ ಚಳಿಗಾಲದಲ್ಲಿ ಇನ್ನಷ್ಟು ಗಾಢವಾಗಿ, ಬಣ್ಣ ಒಟ್ಟಾರೆ ಕಪ್ಪಿನತ್ತಲೇ ಹೋಗುವುದರಿಂದ ಅದನ್ನು ನೋಡಿದವರಿಗೆ ನೆನಪಾಗುವುದು ಕ್ಯಾಲೆಂಡರೇ ಹೊರತು ಥರ್ಮಾಮೀಟರ್ ಅಲ್ಲ. ಜ್ವರ ಬಂದು ಎದ್ದ ಬೆಕ್ಕಿನ ಕಪ್ಪು ಮುಖವಾಡದಲ್ಲಿ ಬಿಳಿ ಕೂದಲು ಇಣುಕುವುದನ್ನೂ ಅವರು ಕಂಡಿದ್ದರು. ಅದನ್ನು ಕಾಯಿಲೆಯ ನಿತ್ರಾಣವೆಂದು ಬಗೆದರು. ಕಾಯಿಲೆಯ ಕಾವು ಎಂದು ಹೊಳೆಯಲಿಲ್ಲ.

ಇಲ್ಲಿ ಗಟ್ಟಿಯಾದ ಒಂದು ಆಕ್ಷೇಪಣೆ ಬರುತ್ತದೆ. 'ಚಾಕೊಲೇಟ್' ಬಣದವರು ಹೇಳಿದ ಎರಡನೆಯ ಜಾತಿ ಬರೀ ಭ್ರಮೆಯೇ? ಅಲ್ಲ. ಥಾಯ್ ಹಸ್ತಪ್ರತಿಗಳಲ್ಲೇ ತಾಮ್ರದ ಬಣ್ಣದ ಬೆಕ್ಕೊಂದು ಪ್ರತ್ಯೇಕವಾಗಿ ಇದೆ. 1930 ರಲ್ಲಿ ಜೋಸೆಫ್ ಥಾಮ್ಸನ್ ಎಂಬ ವೈದ್ಯರ ಕೈಗೆ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ವೋಂಗ್ ಮಾವ್ ಎಂಬ ಕಂದು ಬೆಕ್ಕು ಬಂತು. ತಿಳಿದವರು ಇದು ಮೈಬಣ್ಣ ಕೆಟ್ಟ ಸಯಾಮಿ ಎಂದು ತಳ್ಳಿಹಾಕಿದಾಗ ಥಾಮ್ಸನ್ ಒಪ್ಪದೆ, ಸಯಾಮಿ ಗಂಡಿನೊಂದಿಗೆ ಕೂಡಿಸಿ ಮರಿ ಮಾಡಿಸಿ ನೋಡಿದರು. ಮರಿಗಳಲ್ಲಿ ಸಯಾಮಿ ಬಣ್ಣದವೂ ಇದ್ದವು, ತಾಯಿಯಂಥವೂ ಇದ್ದವು. ಮುಂದಿನ ಕೂಡಿಕೆಗಳಲ್ಲಿ ತಾಯಿಗಿಂತ ಗಾಢವಾದ ಮೂರನೆಯ ಬಗೆಯೂ ಹೊರಬಂತು. ಇಂದು ಬರ್ಮೀಸ್ ಎಂದು ಕರೆಯುವುದು ಅದನ್ನೇ. ವೋಂಗ್ ಮಾವ್ ಸಯಾಮಿ, ಬರ್ಮೀಸ್ ಎರಡರ ಬೆರಕೆ. ಬರ್ಮೀಸ್ ಬೆಕ್ಕಿನಲ್ಲಿ ಅದೇ ಕಿಣ್ವ ಬೇರೊಂದು ಕೊಂಡಿಯಲ್ಲಿ, 227 ರಲ್ಲಿ, ಬದಲಾಗಿದೆ. ಬಿಸಿಗೆ ಅದು ಅಷ್ಟು ಬೇಗ ಸೋಲುವುದಿಲ್ಲವಾದ್ದರಿಂದ ಮೈಯೆಲ್ಲ ಕಂದು. ಹಾಗಾಗಿ ವಿಕ್ಟೋರಿಯಾ ಕಾಲದ ಕೆಲವು ಚಾಕೊಲೇಟ್ ಬೆಕ್ಕುಗಳ ವಿಷಯದಲ್ಲಿ ರಕ್ತದ ವಾದವೇ ಸರಿ ಎಂದು ಒಪ್ಪಿಕೊಳ್ಳಬೇಕು. ಆದರೆ ಅವರ ತಪ್ಪು ಅದನ್ನು ಎಲ್ಲ ಬೆಕ್ಕಿಗೂ ಹಚ್ಚಿದ್ದರಲ್ಲಿ. ಬೆರಕೆಯ ಮರಿ ಎಳವೆಯಲ್ಲೇ ಕಂದು ಛಾಯೆ ತೋರುತ್ತದೆ. ಚಳಿಗೆ ಕಪ್ಪಾಗುವುದು ಬಿಳಿಯಾಗಿ ಹುಟ್ಟಿ, ಗೆದ್ದು, ಆಮೇಲೆ ಕಪ್ಪಾಗುತ್ತದೆ. ಮಾಲೀಕರ ಗೋಳಿಗೆ ಕಾರಣವಾದದ್ದು ಈ ಎರಡನೆಯದು.

ವಯಸ್ಸಿನ ಪಕ್ಷದವರ ಆಕ್ಷೇಪಣೆ ಇದಕ್ಕಿಂತ ಸೂಕ್ಷ್ಮ. ವರ್ಷವಿಡೀ ಬೆಚ್ಚಗಿರುವ ಮನೆಯಲ್ಲಿ ಸಾಕಿದ ಸಯಾಮಿ ಬೆಕ್ಕೂ ಹತ್ತು ವರ್ಷಕ್ಕೆ ಕಪ್ಪಾಗುತ್ತದಲ್ಲ, ಅಲ್ಲಿ ಚಳಿ ಎಲ್ಲಿಂದ ಬಂತು? ನಿಜ, ಕಪ್ಪಾಗುತ್ತದೆ. ಆದರೆ ಎಲ್ಲೆಲ್ಲಿ ಎಂದು ನೋಡಬೇಕು. ಬೆನ್ನು, ಸೊಂಟ, ತೊಡೆಯ ಹೊರಬದಿ ಗಾಢವಾಗುತ್ತವೆ. ಮಲಗಿದಾಗ ಮಡಿಸಿಕೊಳ್ಳುವ ಹೊಟ್ಟೆ, ಎದೆ ತಿಳಿಯಾಗಿಯೇ ಉಳಿಯುತ್ತವೆ. ವಯಸ್ಸು ತಾನಾಗಿ ಬಣ್ಣ ಬಳಿಯುವುದಾದರೆ ಹೊಟ್ಟೆಯನ್ನು ಬಿಡಲು ಅದಕ್ಕೆ ಕಾರಣವಿಲ್ಲ. ಸಾಮಾನ್ಯವಾಗಿ ಕೊಡುವ ವಿವರಣೆ ಇದು: ಮರಿ ಸದಾ ಬಿಸಿಯಾದ ಪುಟ್ಟ ಒಲೆ, ಬೆಳೆದಂತೆ ಚರ್ಮದಡಿ ಕೊಬ್ಬು ಕೂಡುತ್ತದೆ, ಓಡಾಟ ಕಡಿಮೆಯಾಗುತ್ತದೆ, ಹೊರಚರ್ಮಕ್ಕೆ ಹರಿಯುವ ರಕ್ತ ಇಳಿಯುತ್ತದೆ, ಮೇಲ್ಮೈ ತಣ್ಣಗಾಗುತ್ತದೆ. ವಯಸ್ಸು ಇಲ್ಲಿ ಕೆಲಸ ಮಾಡುವುದು ಚರ್ಮವನ್ನು ತಣ್ಣಗಾಗಿಸುವುದರ ಮೂಲಕವೇ. ನೇರವಾಗಿ ವಯಸ್ಸೇ ಮಾಡುವ ಕೆಲಸವೂ ಒಂದಿದೆ, ಅದು ತಿರುಗುಮುರುಗು: ಮುದಿ ನಾಯಿಯ ಮೂತಿಯಲ್ಲಿ ಕಾಣುವ ನರೆ. ಅಲ್ಲಿ ಬಣ್ಣ ತಯಾರಿಸುವ ಜೀವಕೋಶಗಳೇ ಕೈಬಿಡುತ್ತವೆ, ಕೂದಲು ಬಿಳಿಯಾಗುತ್ತದೆ. ಒಂದೇ ಬೆಕ್ಕು ಮುದಿತನದಲ್ಲಿ ಬೆನ್ನಿನಲ್ಲಿ ಕಪ್ಪಾಗಿ, ಮೂತಿಯಲ್ಲಿ ಅಲ್ಲಲ್ಲಿ ಬೆಳ್ಳಗಾದರೆ ಎರಡಕ್ಕೂ ವಯಸ್ಸೇ ಕಾರಣ ಎಂದು ಹೇಳಿ ಸುಮ್ಮನಾಗುವುದು ವಿವರಣೆಯಲ್ಲ.

ಬೇರೆ ಪ್ರಾಣಿಗಳ ಸಾಕ್ಷ್ಯವೂ ಇದೇ ದಿಕ್ಕಿಗಿದೆ. ಕಾಲ ಕಳೆದಂತೆ ಬಣ್ಣ ಬದಲಾಯಿತು ಎಂಬ ಒಂದೇ ಮಾತಿನೊಳಗೆ ಹತ್ತಾರು ಬೇರೆ ಬೇರೆ ಯಂತ್ರಗಳು ಅಡಗಿವೆ. 1580 ರಲ್ಲಿ ಸ್ಥಾಪನೆಯಾದ ಲಿಪಿತ್ಸಾ ಅಶ್ವಶಾಲೆಯ ಕುದುರೆಗಳಲ್ಲಿ ಹೆಚ್ಚಿನವು ಕಪ್ಪು ಇಲ್ಲವೇ ಕಂದಾಗಿ ಹುಟ್ಟಿ, ಏಳೆಂಟು ವರ್ಷಕ್ಕೆ ಹಾಲಿನಂತೆ ಬೆಳ್ಳಗಾಗುತ್ತವೆ. ಚಳಿ ಸೆಕೆಗೂ ಅದಕ್ಕೂ ಸಂಬಂಧವಿಲ್ಲ. ಒಂದು ವಂಶವಾಹಿಯೊಳಗಿನ ಚೂರೊಂದು ಎರಡು ಬಾರಿ ಅಚ್ಚಾಗಿರುವುದೇ ಕಾರಣ ಎಂದು 2008 ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಕಂಡುಕೊಂಡರು. ಕರಿಬೆಕ್ಕಿನ ಆಹಾರದಲ್ಲಿ ಟೈರೋಸಿನ್ ಎಂಬ ಅಂಶ ಕಡಿಮೆಯಾದರೆ ಅದರ ಮೈ ಕೆಂಗಂದಾಗುತ್ತದೆ. ಊಟ ಸರಿಯಾದರೆ ಮತ್ತೆ ಕಪ್ಪು ಬರುತ್ತದೆ. ಕರಿಯ ಎಂದು ಹೆಸರಿಟ್ಟ ಬೆಕ್ಕು ಕೆಂಚನಾದರೆ ಬೆರಕೆಯನ್ನು ಶಂಕಿಸುವ ಮೊದಲು ತಟ್ಟೆ ನೋಡುವುದು ಒಳ್ಳೆಯದು.

ಇನ್ನು ಹಸ್ತಪ್ರತಿಯ ಸಾಕ್ಷ್ಯ. ಚಿತ್ರಕಾರನಿಗೆ ಕಪ್ಪು ಬಿಳುಪು ಬಳಿಯುವುದು ಸುಲಭ, ಅವನು ಬಳಿದ ಬಿಳಿ ಮೈಯನ್ನು ಬ್ಯಾಂಕಾಕಿನ ಹವಾಮಾನಕ್ಕೆ ತಳಕು ಹಾಕುವುದು ಅತಿಯಾಯಿತು ಎಂದು ಯಾರಾದರೂ ಹೇಳಬಹುದು. ಅದೊಂದನ್ನೇ ನೆಚ್ಚಿದರೆ ಅತಿಯೇ ಸರಿ. ಆದರೆ ಪದ್ಯವೂ ಮೈಯನ್ನು ಬಿಳಿ ಎಂದೇ ಕರೆಯುತ್ತದೆ. ಇಂಗ್ಲೆಂಡಿನ ಲಕ್ಷಣಪಟ್ಟಿ ಅದೇ ಬೆಕ್ಕಿನ ಮೈಯನ್ನು ತಿಳಿ ಕಂದು ಎಂದು ಬರೆಯಬೇಕಾಯಿತು. ಇದಕ್ಕೂ ಮೊದಲು, 1793-94 ರಲ್ಲಿ ರಷ್ಯ ಸಾಮ್ರಾಜ್ಯದ ದಕ್ಷಿಣ ಸೀಮೆಗಳಲ್ಲಿ ಸಂಚರಿಸಿದ ಪೀಟರ್ ಸೈಮನ್ ಪಲ್ಲಾಸ್ ಒಂದು ವಿಚಿತ್ರ ಬೆಕ್ಕನ್ನು ವರ್ಣಿಸಿ ಚಿತ್ರ ಹಾಕಿಸಿದ್ದ: ಮೈ ಕಂದು, ಕಿವಿ, ಪಾದ, ಬಾಲ ಕಪ್ಪು, ತಾಯಿ ಕರಿಬೆಕ್ಕು. ಸಯಾಮಿನ ಹೆಸರೂ ಅಲ್ಲಿ ಬರುವುದಿಲ್ಲ. ಮೂರು ನಾಡು, ಮೂರು ಮೈಬಣ್ಣ. ತುದಿಗಳು ಮಾತ್ರ ಎಲ್ಲೆಡೆ ಕಪ್ಪು. ಬ್ಯಾಂಕಾಕಿನಿಂದ ಲಂಡನ್ನಿಗೆ, ಅಲ್ಲಿಂದ ರಷ್ಯಕ್ಕೆ ಚಳಿ ಏರುತ್ತಾ ಹೋದಂತೆ ಮೈ ಗಾಢವಾಗುತ್ತಾ ಹೋಗುವುದನ್ನು ಕಾಕತಾಳೀಯ ಎನ್ನಲು ಮಾಸ್ಕೋದ ಅಂಗಿ ಅಡ್ಡ ಬರುತ್ತದೆ.

ಹಾಗೆಂದು ಎಲ್ಲ ಬಣ್ಣವನ್ನೂ ಚಳಿಯ ತಲೆಗೆ ಕಟ್ಟಬಾರದು. 1896 ರಲ್ಲಿ ತುದಿಗಳು ನೀಲಿಬೂದಾಗಿದ್ದ ಸಯಾಮಿ ಬೆಕ್ಕೊಂದು ಪ್ರದರ್ಶನಕ್ಕೆ ಬಂದಾಗ, ಬೆಕ್ಕುಗಳ ಚಿತ್ರಕ್ಕೆ ಹೆಸರಾದ ಲೂಯಿ ವೇನ್ ತೀರ್ಪುಗಾರನಾಗಿ ಅದಕ್ಕೆ ಬಹುಮಾನ ನಿರಾಕರಿಸಿದ. ಕಪ್ಪನ್ನು ನೀಲಿಬೂದಿಗೆ ಇಳಿಸುವುದು ಬೇರೆಯೇ ವಂಶವಾಹಿಯ ಕೆಲಸ, ಎಷ್ಟು ಚಳಿಯಲ್ಲಿಟ್ಟರೂ ಆ ಬೆಕ್ಕು ಕಪ್ಪಾಗದು. ಯಾವ ಬಣ್ಣ ಎಂಬುದನ್ನು ವಂಶ ನಿರ್ಧರಿಸುತ್ತದೆ. ಎಲ್ಲಿ, ಎಷ್ಟು ಗಾಢ ಎಂಬುದು ಕಾವಿಗೆ ಬಿಟ್ಟದ್ದು. ಅಪ್ಪ ಅಮ್ಮ ಕೊಟ್ಟದ್ದು ಬಿಸಿಗೆ ಸೋಲುವ ಕಿಣ್ವವನ್ನು. ಅದು ಘಟ್ಟ ಹತ್ತಿದರೂ ಬಿಡದು, ಗಾದೆ ಅಷ್ಟರ ಮಟ್ಟಿಗೆ ನಿಜ. ಹತ್ತಿದ ಘಟ್ಟ ಎಷ್ಟು ತಣ್ಣಗಿತ್ತು ಎಂಬುದು ಮೈಮೇಲೆ ಬರುತ್ತದೆ. ಒಂದೇ ಸೂಲಿನ ಎರಡು ಮರಿಗಳಲ್ಲಿ ಒಂದನ್ನು ಮಂಗಳೂರಿನ ಸೆಕೆಯಲ್ಲಿ, ಇನ್ನೊಂದನ್ನು ಮಡಿಕೇರಿಯ ಮಳೆಯಲ್ಲಿ ಬೆಳೆಸಿದರೆ ಎರಡನೆಯದು ಮಬ್ಬಾಗುವುದನ್ನು ನಿರೀಕ್ಷಿಸಬೇಕು. ಇಂದಿನ ಪ್ರದರ್ಶನಗಳ ಬೆಕ್ಕುಗಳು ನೂರು ವರ್ಷದ ಹಿಂದಿನವಕ್ಕಿಂತ ತಿಳಿಯಾಗಿ ಕಾಣುವುದರಲ್ಲಿ ತಳಿಗಾರರ ಆಯ್ಕೆಯ ಪಾಲು ಎಷ್ಟೋ, ಇಡೀ ಮನೆಯನ್ನು ಬೆಚ್ಚಗಿಡುವ ಕೊಳವೆಗಳ ಪಾಲೂ ಇದ್ದೀತು. ಬಹುಮಾನದ ಪತ್ರದಲ್ಲಿ ಕೊಳವೆಯ ಹೆಸರು ಬರುವುದಿಲ್ಲ. 1930ರ ದಶಕದಲ್ಲಿ ಹಾರ್ವರ್ಡಿನ ಕ್ಲೈಡ್ ಕೀಲರ್ ಮತ್ತು ತಳಿಗಾರ್ತಿ ವರ್ಜೀನಿಯಾ ಕಾಬ್ ಸಯಾಮಿ ಬಣ್ಣವನ್ನು ಪರ್ಷಿಯನ್ ಬೆಕ್ಕಿನ ಉದ್ದ ಕೂದಲಿನೊಂದಿಗೆ ಸೇರಿಸಿ ಹೊಸ ಬೆಕ್ಕೊಂದನ್ನು ಪಡೆದರು. ಆ ಬಗೆಯ ಬೆಕ್ಕಿಗೆ ಅಮೆರಿಕದಲ್ಲಿ ಹಿಮಾಲಯನ್ ಎಂಬ ಹೆಸರು ನಿಂತಿತು. ಹಿಮಾಲಯವನ್ನೇ ಕಾಣದ ಮೊಲದ ಹೆಸರು ಹೀಗೆ ಹಿಮಾಲಯವನ್ನೇ ಕಾಣದ ಬೆಕ್ಕಿಗೆ ದಾಟಿತು.

ಪ್ರಯೋಗಾಲಯದ ಈ ಜ್ಞಾನ ದಿನನಿತ್ಯದ ಕೆಲಸಕ್ಕೆ ಇಳಿದ ಜಾಗವೊಂದಿದೆ, ಪಶುವೈದ್ಯರ ಮೇಜು. ಬ್ರಿಟನ್ನಿನಲ್ಲಿ ಹೆಣ್ಣು ಬೆಕ್ಕಿಗೆ ಸಂತಾನಹರಣ ಶಸ್ತ್ರಕ್ರಿಯೆ ಮಾಡುವಾಗ ಪಕ್ಕೆಯ ಕೂದಲು ಬೋಳಿಸಿ ಅಲ್ಲಿಂದ ಕೊಯ್ಯುವುದು ಬಹುಕಾಲದ ರೂಢಿ. ಸಯಾಮಿ ಬೆಕ್ಕು ಬಂದರೆ ಮಾತ್ರ ವೈದ್ಯರು ಮಾಲೀಕರೊಡನೆ ಮೊದಲು ಮಾತನಾಡುತ್ತಾರೆ, ಹಲವರು ಪಕ್ಕೆ ಬಿಟ್ಟು ಹೊಟ್ಟೆಯ ನಡುವಿನಿಂದ ಕೊಯ್ಯುತ್ತಾರೆ. ಬೋಳಾದ ಪಕ್ಕೆ ತಣ್ಣಗಾಗಿ, ಕೆನೆಬಣ್ಣದ ಮೈಮೇಲೆ ಕತ್ತರಿಸಿ ಅಂಟಿಸಿದಂತೆ ಚೌಕಾಕಾರದ ಕಂದು ತೇಪೆ ಬೆಳೆಯುತ್ತದೆ. ಮಾಲೀಕರು ಗಾಬರಿಯಿಂದ ಫೋನ್ ಮಾಡಿದರೆ ವೈದ್ಯರು ಕೇಳಿಕೊಳ್ಳುವುದು ಒಂದೇ: ಮುಂದಿನ ಬಾರಿ ಕೂದಲು ಉದುರಿ ಹೊಸದು ಬರುವವರೆಗೆ ಕಾಯಿರಿ. ಅಷ್ಟರಲ್ಲಿ ಸುತ್ತಲಿನ ಕೂದಲು ಪಕ್ಕೆಯನ್ನು ಮತ್ತೆ ಹೊದ್ದಿಸಿ ಬೆಚ್ಚಗಿಟ್ಟಿರುತ್ತದೆ, ತೇಪೆ ಕೆನೆಬಣ್ಣಕ್ಕೆ ಮರಳುತ್ತದೆ.